ಚಿಕ್ಕಬಳ್ಳಾಪುರದ ಫ್ಯಾಮಿಲಿ ರೆಸ್ಟೋರೆಂಟಲ್ಲಿ ವೈನ್ ಲಿಸ್ಟ್ ಇದೆ, ಒಳ್ಳೇದಾ ಅಲ್ವಾ ಅಂತ ತಿಳ್ಕೊಳ್ಳೋದು ಹೇಗೆ?

ನಂದಿತಪ್ಪಲು:
ಎಲ್ಲರಿಗೂ ನಮಸ್ಕಾರ. ನಾವು ಚಿಕ್ಕಬಳ್ಳಾಪುರದೋರು. ಊರಾಚೆ ಹೈವೇ ಪಕ್ಕ ಹೋದ ವರ್ಷ ಒಂದು ಫ್ಯಾಮಿಲಿ ರೆಸ್ಟೋರೆಂಟ್ ಆಯ್ತು, ಬಾರ್ ಬೇರೆ ಫ್ಯಾಮಿಲಿ ಸೆಕ್ಷನ್ ಬೇರೆ, ಊಟ ನಿಜವಾಗ್ಲೂ ಚೆನ್ನಾಗಿರತ್ತೆ, ನಾಟಿಕೋಳಿ ಸಾರು ಮುದ್ದೆ, ಪೆಪ್ಪರ್ ಮಟನ್, ಫಿಶ್ ಫ್ರೈ ಎಲ್ಲಾ ಸಿಗತ್ತೆ. ಮುಂದಿನ ಶನಿವಾರಕ್ಕೆ ಅಪ್ಪ ಅಮ್ಮನ ಮದುವೆ ಆಗಿ 40 ವರ್ಷ, ಅಕ್ಕ ಭಾವ ಪುಣೆಯಿಂದ ಬರ್ತಿದ್ದಾರೆ, ಭಾವಂಗೆ ವೈನ್ ಇಷ್ಟ, ಅಕ್ಕನೂ ಒಂದು ಗ್ಲಾಸ್ ತಗೋತಾಳೆ, ಅಮ್ಮ ಈ ಸಲ "ನಂಗೂ ಒಂಚೂರು ಕೊಡ್ರೋ, ಏನಿರತ್ತೆ ನೋಡೋಣ" ಅಂತ ಬಾಯ್ಬಿಟ್ಟು ಕೇಳಿದಾರೆ. ನಂಗೆ ಬಿಯರ್ ಬಿಟ್ರೆ ಬೇರೆ ಏನೂ ಗೊತ್ತಿಲ್ಲ. ಮೊನ್ನೆ ಹೋಗಿ ಲಿಸ್ಟ್ ಫೋಟೋ ತಗೊಂಡ್ಬಂದೆ, ಅದ್ರಲ್ಲಿರೋದು ಇಷ್ಟೇ:

ರೆಡ್ ವೈನ್ ಗ್ಲಾಸ್ 300
ವೈಟ್ ವೈನ್ ಗ್ಲಾಸ್ 300
ಪೋರ್ಟ್ ವೈನ್ ಬಾಟ್ಲು 900
ಸುಲಾ ಶಿರಾಜ್ ಕ್ಯಾಬರ್ನೆ 1900
ಸುಲಾ ಚೆನಿನ್ ಬ್ಲಾಂಕ್ 1800
ಫ್ರಾಟೆಲಿ ಸಾಂಜೊವೇಸೆ 2000
ಗ್ರೋವರ್ ಲಾ ರಿಸರ್ವ್ 2800
ಇಂಪೋರ್ಟೆಡ್ ವೈನ್ 4500

ಇದು ಪರವಾಗಿಲ್ವಾ? ಇಂಪೋರ್ಟೆಡ್ ತಗೊಂಡ್ರೆ ಭಾವನ ಮುಂದೆ ಮರ್ಯಾದೆ ಉಳಿಯತ್ತಾ, ಇಲ್ಲಾ ಬೆಂಗಳೂರಿಂದಲೇ ಒಂದು ಬಾಟ್ಲು ತಗೊಂಡು ಹೋಗಿ ಅಲ್ಲಿ ಕುಡಿಯೋಕೆ ಕೇಳ್ಬೇಕಾ? ಗೊತ್ತಿರೋರು ದಯವಿಟ್ಟು ಹೇಳಿ.

ಹಳೇಕ್ಯಾಪ್ಟನ್:
ಬೆಂಗಳೂರಿನ ಹೋಟೆಲ್‌ಗಳಲ್ಲಿ 14 ವರ್ಷ ಟೇಬಲ್ ನೋಡ್ಕೊಂಡಿದ್ದೆ, ಅದರ ಮೇಲೆ ಹೇಳ್ತೀನಿ. ಎಂಟೇ ಸಾಲು ಅಂತ ಈ ಲಿಸ್ಟನ್ನ ಕಡೆಗಣಿಸ್ಬೇಡಿ, ನಮ್ಮ ಕಡೆ ಊರುಗಳಲ್ಲಿ ವೈನ್ ಕುಡಿಯೋರು ಕಮ್ಮಿ, ನಲವತ್ತು ಹೆಸರು ಬರೆದಿದ್ರೆ ಅರ್ಧ ಬಾಟ್ಲು ವರ್ಷಗಟ್ಲೆ ಧೂಳು ಹಿಡಿದು ಕೂತಿರತ್ತೆ. ಚಿಕ್ಕದಿದ್ರೆ ಸರಕು ಓಡ್ತಿರೋ ಸಾಧ್ಯತೆ ಜಾಸ್ತಿ.

ನಾನು ಮೊದಲು ನೋಡೋದು ಹೆಸರು ಪೂರ್ತಿ ಇದೆಯಾ ಅಂತ. ನಿಮ್ಮ ಲಿಸ್ಟಲ್ಲಿ ನಾಲ್ಕು ಸಾಲಿಗೆ ಕಂಪನಿ ಹೆಸರೂ ಇದೆ, ಯಾವ ವೈನು ಅಂತಾನೂ ಇದೆ. ಸುಲಾ ನಾಸಿಕ್‌ದು, ಫ್ರಾಟೆಲಿ ಸೊಲ್ಲಾಪುರ ಜಿಲ್ಲೆ ಅಕ್ಲೂಜ್‌ದು, ಗ್ರೋವರ್ ಅಂತೂ ನಿಮ್ಮ ನಂದಿ ಬೆಟ್ಟದ ಆ ಕಡೆ ದೊಡ್ಡಬಳ್ಳಾಪುರ ತಾಲ್ಲೂಕಲ್ಲೇ ಇರೋದು, ಲಾ ರಿಸರ್ವ್ ಅಂದ್ರೆ ಕ್ಯಾಬರ್ನೆ ಸಾವಿನ್ಯೊನ್ ಮತ್ತೆ ಶಿರಾಜ್ ಅನ್ನೋ ಎರಡು ಜಾತಿ ದ್ರಾಕ್ಷಿ ಸೇರಿಸಿ ಮಾಡಿರೋ ರೆಡ್. ಈ ನಾಲ್ಕನ್ನ ಆರಿಸಿದೋರಿಗೆ ಸ್ವಲ್ಪ ತಿಳುವಳಿಕೆ ಇದೆ, ಅದು ನಂಗೆ ಖುಷಿ ಆಯ್ತು. ಆದ್ರೆ ಎಲ್ಲಕ್ಕಿಂತ ದುಬಾರಿ ಸಾಲಿಗೇ ಹೆಸರಿಲ್ಲ ನೋಡಿ, 4500 ಕೊಟ್ಟು ಯಾವ ದೇಶದ್ದು ಯಾವ ದ್ರಾಕ್ಷಿದು ಅಂತ ಗೊತ್ತಿಲ್ದೇ ತಗೊಳ್ಳೋದು ಬೇಡ. ಹೊರದೇಶದ್ದರ ಮೇಲೆ ಕಸ್ಟಮ್ಸ್ ಡ್ಯೂಟಿ ಬೀಳತ್ತೆ, ಹಂಗಾಗಿ ಅಲ್ಲಿ ತೀರಾ ಸಾಮಾನ್ಯ ವೈನಿಗೂ ಇಲ್ಲಿ ದೊಡ್ಡ ರೇಟು. ಭಾವಂಗೆ ವೈನ್ ಗೊತ್ತಿದ್ರೆ ಲಾ ರಿಸರ್ವ್ ನೋಡಿದ್ರೇ ಜಾಸ್ತಿ ಸಂತೋಷ ಪಡ್ತಾರೆ, ನಿಮ್ಮ ಊರ ಪಕ್ಕದ್ದು ಬೇರೆ.

ಗ್ಲಾಸ್ ವೈನ್ ವಿಷಯಕ್ಕೆ ಮೂರು ಮಾತು ಕೇಳಿ, ಯಾವ ಬಾಟ್ಲು, ಯಾವತ್ತು ಓಪನ್ ಮಾಡಿದ್ದು, ಎಷ್ಟು ಎಂಎಲ್ ಹಾಕ್ತೀರ. 750 ಎಂಎಲ್ ಬಾಟ್ಲಲ್ಲಿ 150 ರ ಲೆಕ್ಕಕ್ಕೆ ಐದು ಗ್ಲಾಸ್ ಬರತ್ತೆ. ಓಪನ್ ಮಾಡಿದ್ ರೆಡ್ ವೈನ್ ಮುಚ್ಚಳ ಹಾಕಿ ಫ್ರಿಡ್ಜಲ್ಲಿಟ್ರೆ ಮೂರು ದಿನ, ಹೆಚ್ಚಂದ್ರೆ ಐದು ದಿನ. ಹೋದ ಭಾನುವಾರ ತೆಗೆದದ್ದನ್ನ ಈ ಶನಿವಾರ ಕೊಟ್ರೆ ವಿನೆಗರ್ ವಾಸನೆ ಬರೋಕೆ ಶುರುವಾಗಿರತ್ತೆ. ನೀವು ಮೂರ್ನಾಲ್ಕು ಜನ ಕುಡಿಯೋದಾದ್ರೆ ಬಾಟ್ಲೇ ತಗೊಳ್ಳಿ, ನಿಮ್ಮ ಕಣ್ಮುಂದೆ ತೆಗೀಲಿ.

ಆಮೇಲೆ ಬಾಟ್ಲು ಎಲ್ಲಿಟ್ಟಿದಾರೆ ಕಣ್ಣಾಡಿಸಿ. ಕೌಂಟರ್ ಮೇಲಿನ ಶೆಲ್ಫಲ್ಲಿ ಲೈಟ್ ಕೆಳಗೆ ನಿಲ್ಲಿಸಿದ್ರೆ ಬೇಸಿಗೇಲಿ ಕೆಟ್ಟೋಗತ್ತೆ. ಕಾರ್ಕ್ ಮೇಲಕ್ಕೆ ಎದ್ದಿದ್ರೆ ಇಲ್ಲಾ ಕತ್ತಿನ ಹತ್ರ ಅಂಟು ಸೋರಿದ್ರೆ ಬಿಸಿ ತಗುಲಿದೆ ಅಂತ ಅರ್ಥ, ಬೇರೆ ಕೊಡಿ ಅನ್ನಿ. ಸ್ಕ್ರೂ ಮುಚ್ಚಳ ಇದ್ರೆ ಅಗ್ಗದ್ದು ಅನ್ಕೊಳ್ಳೋ ಅಭ್ಯಾಸ ಇದೆ ಜನಕ್ಕೆ, ಹಂಗೇನಿಲ್ಲ, ಒಳ್ಳೊಳ್ಳೆ ವೈನಿಗೂ ಈಗ ಅದೇ ಇರತ್ತೆ. ಲೇಬಲ್ ಮೇಲೆ ವರ್ಷ ನೋಡಿ, ವೈಟ್ ಆದ್ರೆ ಒಂದೆರಡು ವರ್ಷದೊಳಗಿನದ್ದೇ ತಗೊಳ್ಳಿ.

ದ್ರಾಕ್ಷಿತೋಟ:
ಕ್ಯಾಪ್ಟನ್ ಅಣ್ಣ ಎಲ್ಲಾ ಚೆನ್ನಾಗಿ ಹೇಳವ್ರೆ, ಪೋರ್ಟ್ ವೈನ್ ಬಗ್ಗೆ ಮಾತ್ರ ಏನೂ ಹೇಳ್ಲಿಲ್ಲ. ನಮ್ದು ಚಿಕ್ಕಬಳ್ಳಾಪುರ ತಾಲ್ಲೂಕಲ್ಲಿ ಎರಡೂವರೆ ಎಕರೆ ದ್ರಾಕ್ಷಿ ತೋಟ, ನಮ್ಮಪ್ಪನ ಕಾಲ್ದಿಂದ ಬೆಂಗಳೂರು ಬ್ಲೂ ಜಾತಿ, ಈಗ ಒಂದ್ ಕಡೆ ದಿಲ್‌ಖುಷ್ ಹಾಕಿದೀವಿ. ಲಿಸ್ಟಲ್ಲಿ ಲೋಕಲ್ ವೈನ್ ಅಂತ ಕಂಡ ತಕ್ಷಣ ನಮ್ಮ ಸುತ್ತಮುತ್ತ ತೋಟದ ಹಣ್ಣಿಂದು ಅಂತ ಜನ ಅನ್ಕೋತಾರೆ, ಅದು ಪೂರ್ತಿ ನಿಜ ಅಲ್ಲ. ಶಿರಾಜ್, ಕ್ಯಾಬರ್ನೆ, ಚೆನಿನ್ ಇವೆಲ್ಲ ಬೇರೆ ಜಾತಿ ಬಳ್ಳಿ, ಕಾಯಿ ಸಣ್ಣದು, ಸಿಪ್ಪೆ ದಪ್ಪ, ಬೀಜ ಇರತ್ತೆ, ವರ್ಷಕ್ಕೆ ಒಂದೇ ಬೆಳೆ, ಚಳಿ ಕಳಿಯೋ ಹೊತ್ಗೆ ಜನವರಿಯಿಂದ ಮಾರ್ಚ್ ಒಳಗೆ ಕೊಯ್ಲು. ನಮ್ಮ ಬೆಂಗಳೂರು ಬ್ಲೂ ವರ್ಷಕ್ಕೆ ಎರಡು ಬೆಳೆ ಕೊಡತ್ತೆ, ಹಿಚುಕಿದ್ರೆ ಸಿಪ್ಪೆಯಿಂದ ತಿರುಳು ಜಾರ್ಕೊಂಡ್ ಬರತ್ತೆ, ಘಮ ಬಲು ಜೋರು, ಜ್ಯೂಸ್‌ಗೆ ಅದನ್ನ ಮೀರಿಸೋದು ಬೇರೆ ಇಲ್ಲ, ಈ ಭಾಗದ್ದೇ ವಿಶೇಷ ಬೆಳೆ ಅನ್ನೋ ಜಿಐ ಟ್ಯಾಗೂ ಸಿಕ್ಕೈತೆ. ಆ ಘಮ ಒಣ ವೈನಿಗೆ, ಅಂದ್ರೆ ಸಿಹಿ ಇಲ್ದೇ ಇರೋ ಡ್ರೈ ವೈನಿಗೆ, ಹೊಂದಲ್ಲ, ಸಿಹಿ ವೈನಿಗೆ ಹೊಂದತ್ತೆ.

ನಮ್ಮಲ್ಲಿ ಪೋರ್ಟ್ ಅಂತ ಮಾರೋದು ಪೋರ್ಚುಗಲ್‌ದಲ್ಲ, ಅಲ್ಲಿ ದ್ರಾಕ್ಷಿ ಹುಳಿ ಬರ್ತಿರ್ಬೇಕಾದ್ರೇನೇ ಬ್ರಾಂದಿ ತರದ್ದು ಸೇರಿಸಿ ನಿಲ್ಲಿಸ್ತಾರೆ, ಶೇಕಡ 20ರ ಹತ್ರ ಆಲ್ಕೋಹಾಲ್ ಇರತ್ತೆ. ಇಲ್ಲಿಂದು ಸಾಮಾನ್ಯವಾಗಿ ಸಿಹಿ ರೆಡ್ ವೈನು. ಆದ್ರೆ ಮೊದಲ ಸಲ ಕುಡಿಯೋ ಅಮ್ಮಂಗೆ ಒಣ ಶಿರಾಜ್ ಕೊಟ್ರೆ ನೆಲ್ಲಿಕಾಯಿ ಕಡಿದಂಗೆ ಬಾಯೆಲ್ಲ ಒಗರು ಆಗತ್ತೆ, ಪಾಪ ಮತ್ತೆ ಮುಟ್ಟಲ್ಲ. ಪೋರ್ಟನ್ನ ಕೀಳು ಅನ್ಬೇಡಿ, ಅವ್ರಿಗೆ ಅದೇ ಹಿಡಿಸ್ಬೋದು.

ಹಳೇಕ್ಯಾಪ್ಟನ್:
ಒಗರಿನ ಮಾತು ಸರಿಯಾಗಿ ಹೇಳಿದ್ರಿ, ಬಿಟ್ಟಿದ್ದು ನನ್ನ ತಪ್ಪು. ಆದ್ರೂ ನಾನಾಗಿದ್ರೆ ಅಮ್ಮಂಗೆ ಚೆನಿನ್ ಬ್ಲಾಂಕ್ ಕೊಡ್ತೀನಿ, ಅದು ವೈಟು, ಅದ್ರಲ್ಲೂ ಒಂದು ಎಳೆ ಸಿಹಿ ಇದೆ, ತಣ್ಣಗಿದ್ರೆ ನಿಂಬೆ ಪಾನಕದ ಹತ್ತಿರ ಹತ್ತಿರ ಬರತ್ತೆ. ಇನ್ನೊಂದು ಕಾರಣ ಊಟ. ರೆಡ್ ವೈನಿನ ಒಗರಿಗೆ ಟ್ಯಾನಿನ್ ಅಂತಾರೆ, ಅದೂ ಹಸಿಮೆಣಸಿನಕಾಯಿ ಖಾರನೂ ಸೇರಿದ್ರೆ ಬಾಯಿ ಉರಿ ಎರಡರಷ್ಟು ಆಗತ್ತೆ, ಸಿಹಿ ಇರೋ ತಣ್ಣನೆ ವೈಟ್ ಆದ್ರೆ ಉರಿ ಇಳಿಯತ್ತೆ. ನಾಟಿಕೋಳಿ ಸಾರಿಗೂ ಫಿಶ್ ಫ್ರೈಗೂ ಚೆನಿನ್, ಪೆಪ್ಪರ್ ಮಟನ್‌ಗೆ ಶಿರಾಜ್ ಇರೋದು. ಶಿರಾಜ್‌ಗೆ ಕಾಳುಮೆಣಸಿನ ವಾಸನೆ ತಾನಾಗೇ ಇರತ್ತೆ, ಕರಿಮೆಣಸು ಹುರಿದ ಮಾಂಸದ ಜತೆ ಕೂತ್ಕೊಳ್ಳತ್ತೆ. ಸಾಂಜೊವೇಸೆ ಇಟಲಿ ದ್ರಾಕ್ಷಿ, ಹುಳಿ ಮುಂದು, ಟೊಮೇಟೊ ಗ್ರೇವಿಗೆ ಚೆನ್ನ.

ಮೆಸ್‌ನಡೆಸೋನು:
ನಂದು ತುಮಕೂರಲ್ಲಿ ಸಿಎಲ್-9, ಅಂದ್ರೆ ಬಾರ್ ಲೈಸೆನ್ಸ್, ಇರೋ ಸಣ್ಣ ರೆಸ್ಟೋರೆಂಟು, ನಮ್ಮ ಕಡೆ ಕಷ್ಟನೂ ಸ್ವಲ್ಪ ಕೇಳಿ. ನಮ್ಮೂರುಗಳಲ್ಲಿ ಬೋರ್ಡ್ ಮೇಲೆ ವೈನ್ಸ್ ಅಂತ ದೊಡ್ಡದಾಗಿ ಬರೆದಿರೋ ಅಂಗಡಿಗಳಲ್ಲೇ ವೈನ್ ಬಾಟ್ಲು ಹುಡುಕ್ಬೇಕು, ಬರೋರೆಲ್ಲ ವಿಸ್ಕಿ ಬ್ರಾಂದಿ ಬಿಯರ್ ಕೇಳೋರೇ. ನಾನು ವೈನ್ ಒಂದು ಕೇಸ್ ಎತ್ತಿದ್ರೆ 12 ಬಾಟ್ಲು, ಅದು ಖಾಲಿ ಆಗೋಕೆ ಎಷ್ಟೋ ಸಲ ಮೂರ್ನಾಲ್ಕು ತಿಂಗಳು, ಗ್ಲಾಸಿಗೆ ಅಂತ ಒಂದು ಬಾಟ್ಲು ತೆಗೆದ್ರೆ ಎರಡು ಗ್ಲಾಸ್ ಹೋಗಿ ಉಳಿದಿದ್ದು ಅಡುಗೆಮನೆಗೆ ಹೋಗತ್ತೆ. ಅದಕ್ಕೇ ರೇಟ್ ಎಂಆರ್‌ಪಿಗಿಂತ ಜಾಸ್ತಿ ಹಾಕ್ತೀವಿ, ಮೋಸ ಮಾಡ್ಬೇಕು ಅಂತಲ್ಲ.

ಒಂದು ಕಿವಿಮಾತು, ಲಿಸ್ಟಲ್ಲಿ ಇರೋದೆಲ್ಲ ಸ್ಟಾಕಲ್ಲಿ ಇರತ್ತೆ ಅಂತ ನಂಬ್ಕೊಂಡು ಶನಿವಾರ ರಾತ್ರಿ ಹೋಗ್ಬೇಡಿ. ಗುರುವಾರನೇ ಫೋನ್ ಮಾಡಿ ಈ ಎರಡು ಬಾಟ್ಲು ಬೇಕು, ವೈಟ್ ಫ್ರಿಡ್ಜಲ್ಲಿ ಇಟ್ಟಿರಿ ಅಂತ ಹೇಳಿ, ಯಾವ ಓನರೂ ಬೇಡ ಅನ್ನಲ್ಲ, ನಮಗೂ ಮಾಲು ಹೋಗೋದು ಗ್ಯಾರಂಟಿ ಆದ್ರೆ ಖುಷಿನೇ. ಹೊರಗಿಂದ ಬಾಟ್ಲು ತಗೊಂಡು ಹೋಗೋ ಯೋಚನೆ ಬಿಟ್ಬಿಡಿ, ಲೈಸೆನ್ಸ್ ಇರೋ ಜಾಗದಲ್ಲಿ ಅದು ನಮ್ಮ ತಲೆಗೆ ಬರತ್ತೆ.

ಕೋಲಾರದಹುಡುಗ:
ಕಷ್ಟ ಇರತ್ತೆ ಒಪ್ತೀನಿ ಸಾರ್, ಆದ್ರೆ ಗಿರಾಕಿ ಕಡೆಯಿಂದನೂ ನೋಡಿ. ನಾನು ಎಲ್ಲೇ ಹೋದ್ರೂ ಮೊದಲೇ ಎಂಆರ್‌ಪಿ ತಿಳ್ಕೊಂಡಿರ್ತೀನಿ, ಎರಡು ಪಟ್ಟು ತನಕ ಸರಿ ಅನ್ಸತ್ತೆ, ಮೂರು ಪಟ್ಟು ಆದ್ರೆ ಅವ್ರು ಗ್ಲಾಸ್ ಆದ್ರೂ ಸರಿಯಾದ್ದು ಕೊಡ್ಬೇಕು, ವೈನ್ ತಣ್ಣಗಾದ್ರೂ ಇರ್ಬೇಕು. ಹೋದ ವರ್ಷ ನಮ್ಮೂರ ಹತ್ರ ಒಂದು ಕಡೆ ಒಳ್ಳೆ ಶಿರಾಜ್‌ನ ನೀರು ಕುಡಿಯೋ ಸ್ಟೀಲ್ ಲೋಟದಲ್ಲಿ ಕೊಟ್ರು, ಏಪ್ರಿಲ್ ಸೆಕೆಗೆ ಅದು ಕಷಾಯದ ತರ ಬೆಚ್ಚಗಿತ್ತು. ರೂಮ್ ಟೆಂಪರೇಚರ್ ಅಂತ ಎಲ್ಲೋ ಕೇಳಿರ್ತಾರೆ, ಆ ಮಾತು ಚಳಿದೇಶದ್ದು.

ಹಳೇಕ್ಯಾಪ್ಟನ್:
ಹೌದು. ರೆಡ್‌ಗೆ 16ರಿಂದ 18 ಡಿಗ್ರಿ, ನಮ್ಮ ರೂಮು 30 ಇರತ್ತೆ. ಕೊಡೋಕೆ ಮುಂಚೆ ಫ್ರಿಡ್ಜಲ್ಲಿಟ್ಟು ಸ್ವಲ್ಪ ತಣ್ಣಗೆ ಮಾಡ್ಸಿ. ವೈಟ್ ತಣ್ಣಗಿಲ್ಲ ಅಂದ್ರೆ ಬಕೆಟ್‌ಗೆ ಐಸೂ ನೀರೂ ಎರಡೂ ಹಾಕಿ ಮುಳುಗಿಸೋಕೆ ಹೇಳಿ, ಬರೀ ಐಸಾದ್ರೆ ನಿಧಾನ.

ನಂದಿತಪ್ಪಲು:
ಶನಿವಾರ ಮುಗೀತು, ಏನಾಯ್ತು ಅಂತ ಬರೀದಿದ್ರೆ ತಪ್ಪಾಗತ್ತೆ. ಗುರುವಾರ ಫೋನ್ ಮಾಡಿದ್ದೇ ಒಳ್ಳೇದಾಯ್ತು, ಸಾಂಜೊವೇಸೆ ಖಾಲಿ ಆಗಿ ತಿಂಗಳಾಗಿತ್ತಂತೆ, ಇಂಪೋರ್ಟೆಡ್ ಅಂದ್ರೆ ಯಾವ್ದು ಅಂತ ಕೇಳಿದ್ರೆ ಮ್ಯಾನೇಜರ್‌ಗೇ ಗೊತ್ತಿರ್ಲಿಲ್ಲ. ಚೆನಿನ್ ಒಂದು, ಲಾ ರಿಸರ್ವ್ ಒಂದು ಹೇಳಿದ್ವಿ. ವೈಟ್ ಬಾಟ್ಲು ಹಿಂದಿನ ವರ್ಷದ್ದೇ, ಬೆವರ್ತಾ ಬಂತು. ಲಾ ರಿಸರ್ವ್ ಕೌಂಟರ್ ಮೇಲಿನ ಶೆಲ್ಫಿಂದ ಇಳಿಸಿದ್ರು, ಮುಟ್ಟಿ ನೋಡಿದ್ರೆ ಬೆಚ್ಚಗಿತ್ತು, ಕಾರ್ಕ್ ಸರಿಯಾಗೇ ಇತ್ತು, ಫ್ರಿಡ್ಜಲ್ಲಿ ಅರ್ಧ ಗಂಟೆ ಇಡಿ ಆಮೇಲೆ ತನ್ನಿ ಅಂದೆ, ಹುಡುಗ ಒಂದು ಸಲ ನನ್ನ ಮುಖ ನೋಡ್ದ, ಆದ್ರೂ ಇಟ್ಟ. ಭಾವ ಲೇಬಲ್ ಮೇಲೆ ನಂದಿ ಹಿಲ್ಸ್ ಅಂತ ಓದಿ ನಾಳೆ ಬೆಳಿಗ್ಗೆ ಆ ಕಡೆ ಹೋಗೋಣ ಅಂದ್ರು.

ಅಮ್ಮ ಚೆನಿನ್ ಒಂದು ಗುಟುಕು ಕುಡಿದು "ಹುಳಿ ಇದೆ ಕಣೋ" ಅಂದ್ರು, ಮೀನು ತಿಂದು ಇನ್ನೊಂದು ಗುಟುಕು ತಗೊಂಡ್ರು, ಆಮೇಲೆ ಗ್ಲಾಸನ್ನ ತಮ್ಮ ಕಡೆ ಎಳ್ಕೊಂಡು ಇಟ್ಕೊಂಡ್ರು. ಅಪ್ಪ ಮಜ್ಜಿಗೇನೇ ಕುಡಿದ್ರು.

ಬಿಲ್ ಕೊಡೋವಾಗ ಮ್ಯಾನೇಜರ್ ಹತ್ರ ಗ್ಲಾಸ್ ವೈನ್‌ಗೂ ಕಂಪನಿ ಹೆಸರು ಬರೀರಿ, ಎಷ್ಟು ಎಂಎಲ್ ಅಂತ ಹಾಕಿ, ಬಾಟ್ಲುಗಳನ್ನ ಆ ಲೈಟ್ ಕೆಳಗಿಂದ ತೆಗೀರಿ ಅಂತ ಹೇಳ್ದೆ. ಬೇಜಾರು ಮಾಡ್ಕೋತಾರೇನೋ ಅನ್ಕೊಂಡಿದ್ದೆ, ಅವ್ರು ಅಡುಗೆಮನೆಗೆ ಆರ್ಡರ್ ಬರ್ಕೊಡೋ ಕೆಒಟಿ ಚೀಟಿ ಹಿಂದೆ ಮೂರನ್ನೂ ಬರ್ಕೊಂಡ್ರು, ಸಾಂಜೊವೇಸೆ ಬೇಕಿದ್ರೆ ಒಂದು ವಾರ ಮುಂಚೆ ಹೇಳಿ ಸಾರ್ ತರಿಸಿಡ್ತೀನಿ ಅಂದ್ರು.