ಪದಚರ್ಚೆ: ‘ಸೆಮಿ ಆಟೊಮ್ಯಾಟಿಕ್’ ರೈಫಲ್‌ಗೆ ‘ಅರೆ ಸ್ವಯಂಚಾಲಿತ’ ಸರಿಯೇ? ಕ್ಯಾಲಿಬರ್‌ಗೆ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಬೇಟೆಗೆ ಎಂಥ ರೈಫಲ್ ಆರಿಸಿಕೊಳ್ಳಬೇಕು ಎಂದು ಅಮೆರಿಕದ ಬೇಟೆಗಾರರೊಬ್ಬರು ಬರೆದ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ತೂಕ ಕಡಿಮೆ ಇರಬೇಕು, ಕ್ಯಾಲಿಬರ್ ದೊಡ್ಡದಿರಬೇಕು, ಸೆಮಿ ಆಟೊಮ್ಯಾಟಿಕ್ ಆಗಿರಬೇಕು: ಲೇಖನದ ಉದ್ದಕ್ಕೂ ಈ ಮೂರರದ್ದೇ ಜಗ್ಗಾಟ. ಮೂರಕ್ಕೂ ನಿಘಂಟಿನಲ್ಲಿ ಪದ ಸಿಗುತ್ತದೆ. ಆದರೆ ಅವನ್ನು ಪೋಣಿಸಿ ‘ಲಘುತೂಕದ, ಬೃಹತ್ ವ್ಯಾಸದ, ಅರೆ ಸ್ವಯಂಚಾಲಿತ ರೈಫಲ್’ ಎಂದು ಬರೆದರೆ ಓದಿದವರ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, ಒಂದು ಕಡೆ ತಪ್ಪೇ ಅರ್ಥವಾಗುತ್ತದೆ.

ಆ ಕಡೆ ಯಾವುದೆಂದರೆ ‘ಅರೆ ಸ್ವಯಂಚಾಲಿತ’. ಪತ್ರಿಕೆಗಳಲ್ಲಿ ಇದೇ ರೂಢಿ. ನನ್ನ ಕರಡನ್ನು ಇಲ್ಲೇ ಬಸವನಗುಡಿಯ ಗೆಳೆಯರಿಗೆ ಓದಲು ಕೊಟ್ಟಾಗ, ‘ಅರ್ಧ ಕೆಲಸ ಯಂತ್ರದ್ದು, ಇನ್ನರ್ಧ ಕೈಯದ್ದು, ಪ್ರತಿ ಸಲ ಏನೋ ಎಳೆದು ತೋಟಾ ತುಂಬಬೇಕು’ ಎಂದೇ ತಿಳಿದುಕೊಂಡರು. ಹಾಗೆ ಪ್ರತಿ ಸಲ ಕೈಯಿಂದ ಎಳೆಯುವುದು ಬೋಲ್ಟ್ ಆಕ್ಷನ್. ಲೇಖಕರು ಅದಕ್ಕೆ ಎದುರಾಗಿಯೇ ಸೆಮಿ ಆಟೊಮ್ಯಾಟಿಕ್ಕನ್ನು ನಿಲ್ಲಿಸುತ್ತಾರೆ. ಇಲ್ಲಿ ಒಮ್ಮೆ ಟ್ರಿಗರ್ ಎಳೆದರೆ ಒಂದೇ ಗುಂಡು ಹಾರುತ್ತದೆ. ಗುಂಡು, ಮದ್ದು ತುಂಬಿದ್ದ ತೋಟಾ ಖಾಲಿಯಾಗಿ ಹೊರಗೆ ಬಿದ್ದು, ಮುಂದಿನದು ತಾನಾಗಿಯೇ ಬಂದು ಕೂರುತ್ತದೆ. ಮತ್ತೆ ಹಾರಿಸಬೇಕೆಂದರೆ ಟ್ರಿಗರ್ ಬಿಟ್ಟು ಮತ್ತೆ ಎಳೆಯಬೇಕು. ತುಂಬಿಕೊಳ್ಳುವುದು ಪೂರ್ತಿ ಸ್ವಯಂಚಾಲಿತ, ಹಾರಿಸುವುದು ಮಾತ್ರ ಬೆರಳಿನ ಕೆಲಸ. ‘ಅರೆ’ ಎನ್ನುವ ಮಾತು ಇದರಲ್ಲಿ ಯಾವ ಅರ್ಧ ಎಂದು ಹೇಳುವುದೇ ಇಲ್ಲ.

ನನ್ನ ಸೂಚನೆ: ‘ತಾನೇ ತುಂಬಿಕೊಳ್ಳುವ ರೈಫಲ್’. ಇದು ನನ್ನ ಹೊಸ ಕಲ್ಪನೆಯೇನಲ್ಲ. ಬೆಂಗಳೂರಿನಲ್ಲಿ ಬಂದೋಬಸ್ತಿಗೆ ನಿಂತ ಪೊಲೀಸರ ಹೆಗಲ ಮೇಲೆ ನಾವೆಲ್ಲ ನೋಡಿರುವ ಎಸ್‌ಎಲ್‌ಆರ್ ಇದೆಯಲ್ಲ, ಅದರ ಪೂರ್ತಿ ಹೆಸರೇ ಸೆಲ್ಫ್ ಲೋಡಿಂಗ್ ರೈಫಲ್. ಅದೂ ಇದೇ ಜಾತಿಯದು. ಜರ್ಮನ್ನರಲ್ಲೂ ‘ತಾನೇ ತುಂಬುವ’ ಎಂಬರ್ಥದ ಹೆಸರು ಬಳಕೆಯಲ್ಲಿದೆ. ನಮ್ಮ ವರದಿಗಾರರಿಗೆ ಎಸ್‌ಎಲ್‌ಆರ್ ಗೊತ್ತು, ಅರೆ ಸ್ವಯಂಚಾಲಿತವೂ ಗೊತ್ತು. ಎರಡೂ ಒಂದೇ ಎಂದು ಮಾತ್ರ ಯಾರೂ ಬರೆಯುವುದಿಲ್ಲ.

ಎರಡನೆಯದು ಕ್ಯಾಲಿಬರ್. ‘ನಳಿಗೆಯ ಒಳವ್ಯಾಸ’ ಎಂದರೆ ಮುಗಿಯಿತು ಅನ್ನಿಸುತ್ತದೆ, ಆದರೆ ಮುಗಿಯುವುದಿಲ್ಲ. ಮೂಡಿಗೆರೆ ಕಡೆಯ ನಮ್ಮ ಮಾವನವರ ಹತ್ತಿರ ಒಂದು ಜೋಡಿ ನಳಿಗೆ ಕೋವಿ ಇದೆ. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತರುತ್ತಾರೆ. ಅವರ ಲೈಸೆನ್ಸ್ ಪುಸ್ತಕದಲ್ಲಿ ಬರೆದಿರುವುದು 12 ಬೋರ್. ತೋಟಾದ ಹಿತ್ತಾಳೆ ಬುಡದಲ್ಲಿ, ಮದ್ದಿಗೆ ಕಿಡಿ ಕೊಡುವ ಕೇಪಿನ ಸುತ್ತ, ಅದೇ 12 ಒತ್ತಿದೆ. ಈ 12 ಯಾವ ಅಳತೆಯೂ ಅಲ್ಲ. ಒಂದು ಪೌಂಡ್ ಸೀಸದಿಂದ ಒಂದೇ ಸಮನಾದ 12 ಗುಂಡು ಮಾಡಿದರೆ, ಅದರಲ್ಲಿ ಒಂದು ಗುಂಡು ಹಿಡಿಸುವಷ್ಟು ನಳಿಗೆ ಎಂದರ್ಥ, ಸುಮಾರು 18.5 ಮಿ.ಮೀ. ಹಾಗಾಗಿ 20 ಬೋರ್ ಎಂದರೆ 12ಕ್ಕಿಂತ ಸಣ್ಣದು. ರೈಫಲಿನ ಕ್ಯಾಲಿಬರ್ ಇದಕ್ಕೆ ಉಲ್ಟಾ: ಅಲ್ಲಿ ಅಂಕಿ ಇಂಚಿನ ಲೆಕ್ಕ, ಹೆಚ್ಚಿದಷ್ಟೂ ದಪ್ಪ. ಆದ್ದರಿಂದ ಮಲೆನಾಡಿನಲ್ಲಿ ಚೆನ್ನಾಗಿ ಬೇರೂರಿರುವ ‘ಬೋರ್’ ಪದವನ್ನು ಇಲ್ಲಿ ಎರವಲು ತರಲು ನನಗೆ ಧೈರ್ಯವಿಲ್ಲ.

‘ಒಳವ್ಯಾಸ’ ಕೈಕೊಡುವುದು ಹೆಸರುಗಳಲ್ಲಿ. .308 ವಿಂಚೆಸ್ಟರ್ ಮತ್ತು .30-06 ಎಂಬ ಎರಡು ತೋಟಾಗಳಲ್ಲೂ ಇರುವುದು ಒಂದೇ ದಪ್ಪದ ಗುಂಡು, 0.308 ಇಂಚು. ರೈಫಲಿನ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ. ಗೀರಿನ ತಳದಿಂದ ತಳಕ್ಕೆ ಅಳೆದರೆ .308, ಗೀರುಗಳ ನಡುವಿನ ಏರಿನಿಂದ ಏರಿಗೆ ಅಳೆದರೆ .30. ಇನ್ನು ಆ ‘06’ ಅಳತೆಯೇ ಅಲ್ಲ, ಅಮೆರಿಕದ ಸೇನೆ ಆ ತೋಟಾವನ್ನು ಒಪ್ಪಿಕೊಂಡ 1906ನೇ ಇಸವಿ. 1873ರ .45-70 ತೋಟಾದ ಹೆಸರಿನಲ್ಲಿ ಎರಡನೆಯ ಅಂಕಿ ಕರಿಮದ್ದಿನ ತೂಕ, 70 ಗ್ರೇನ್. ಹೀಗಿರುವಾಗ ಹೆಸರಿನೊಳಗಿನ ಅಂಕಿಗಳನ್ನು ಅನುವಾದಿಸಲು ಹೋಗದೆ ಹಾಗೇ ಬಿಡುವುದು ಲೇಸು. ವಿವರಣೆಯ ಜಾಗದಲ್ಲಿ ಮಾತ್ರ ‘ದಪ್ಪ ಗುಂಡಿನ ರೈಫಲ್’ ಎಂದು ಬರೆಯೋಣ ಅಂದುಕೊಂಡಿದ್ದೇನೆ. ಉದಾಹರಣೆಗೆ ಲೇಖನದಲ್ಲಿ ಬರುವ .450 ಬುಷ್‌ಮಾಸ್ಟರ್ ತೋಟಾ: ಗುಂಡಿನ ದಪ್ಪ ಸುಮಾರು 11.5 ಮಿ.ಮೀ., ಆದರೂ ಎಆರ್-15 ಮಾದರಿಯ ರೈಫಲಿನ ಹಗುರ ಮೈಯಲ್ಲಿ ಹಿಡಿಸುತ್ತದೆ. ಪೊದೆ ತುಂಬಿದ ಕಾಡಿನಲ್ಲಿ, ಹತ್ತಿರದಿಂದ ಹೊಡೆಯುವವರಿಗೆ ಅದು ಬೇಕು. ದೂರ ಹೋದಂತೆ ಆ ಗುಂಡು ಬೇಗ ಕೆಳಗಿಳಿಯುತ್ತದೆ, ಬಯಲಿಗೆ ಹೇಳಿದ್ದಲ್ಲ.

‘ಹಗುರ’ ಎಂಬ ಪದದಲ್ಲಿ ತಕರಾರಿಲ್ಲ. ಆದರೆ ಅದರ ಬೆನ್ನಿಗೇ ರಿಕಾಯಿಲ್, ಅಂದರೆ ಗುಂಡು ಹಾರಿದಾಗ ಕೋವಿ ಹಿಂದಕ್ಕೆ ತಳ್ಳುವುದು, ಬರುತ್ತದೆ. ನಮ್ಮ ಮಾವ ಇದಕ್ಕೆ ‘ಕೋವಿ ಒದೆಯುತ್ತೆ’ ಎನ್ನುತ್ತಾರೆ. ‘ಹಿಮ್ಮೆಟ್ಟುವಿಕೆ’ಗಿಂತ ‘ಒದೆತ’ ನೂರು ಪಾಲು ಮೇಲು. ತೋಟಾ ಅದೇ ಇದ್ದು ರೈಫಲಿನ ತೂಕ ಅರ್ಧವಾದರೆ ಒದೆತದ ಶಕ್ತಿ ಸರಿಸುಮಾರು ಇಮ್ಮಡಿಯಾಗುತ್ತದೆ. ಹೆಗಲು ತಪ್ಪಿಸಿ ಹಿಡಿದವರಿಗೆ ಕೀಲುಮೂಳೆಯೇ ಲೆಕ್ಕ ಹೇಳುತ್ತದೆ. ತಾನೇ ತುಂಬಿಕೊಳ್ಳುವ ರೈಫಲಿನಲ್ಲಿ, ಅದರಲ್ಲೂ 1967ರಲ್ಲಿ ಬಂದ ಬ್ರೌನಿಂಗ್ ಬಾರ್ ಎಂಬ ಬೇಟೆ ರೈಫಲಿನಂತೆ ಮದ್ದಿನ ಅನಿಲದಿಂದ ನಡೆಯುವವುಗಳಲ್ಲಿ, ಒಳಗಿನ ಭಾಗಗಳು ಹಿಂದಕ್ಕೆ ಸರಿದು ಸ್ಪ್ರಿಂಗನ್ನು ಒತ್ತುವಾಗ ಆ ಒದೆತ ಸ್ವಲ್ಪ ಹೆಚ್ಚು ಹೊತ್ತಿಗೆ ಹಂಚಿಹೋಗುತ್ತದೆ. ಒಟ್ಟು ತಳ್ಳು ಅಷ್ಟೇ ಇರುತ್ತದೆ, ಹೆಗಲಿಗೆ ಚುರುಕಾಗಿ ತಾಗುವುದಿಲ್ಲ. ಲೇಖಕರು ಈ ಎರಡನ್ನು ಬೇರೆಬೇರೆ ಹೆಸರಿಟ್ಟು ಕರೆಯುತ್ತಾರೆ. ಅವರ ವಾದ ನಿಂತಿರುವುದೇ ಈ ವ್ಯತ್ಯಾಸದ ಮೇಲೆ. ಕೋವಿಯ ಕಡೆಯದು ‘ಒದೆತ’, ಹೆಗಲ ಕಡೆಯದು ‘ಪೆಟ್ಟು’ ಎಂದು ಹಂಚಿಕೊಂಡರೆ ಹೇಗೆ? ‘ಒದೆತ ಅಷ್ಟೇ, ಪೆಟ್ಟು ಕಡಿಮೆ’ ಎಂದು ಬರೆದು ನೋಡಿದೆ; ಓದಲು ಸರಾಗವಾಗಿದೆ.

ಗುಂಡು ಮತ್ತು ತೋಟಾ ಬೇರೆ ಎನ್ನುವುದನ್ನು ಇಲ್ಲಿ ವಿವರಿಸಬೇಕಾಗಿಲ್ಲ. ದಿನಪತ್ರಿಕೆಯವರು ಮಾತ್ರ ದಯವಿಟ್ಟು ಗಮನಿಸಿ: ರಸ್ತೆಯಲ್ಲಿ ಸಿಕ್ಕಿದ್ದು ಖಾಲಿ ತೋಟಾ, ಖಾಲಿ ಗುಂಡಲ್ಲ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ. ಅದು ಸರಿ, ಹಾಗೇ ಇರಬೇಕು. ಅದಕ್ಕೇ ನಮ್ಮ ಬೇಟೆಯ ಮಾತು ಈಡು, ಚರೆ, ಕೇಪು, ಜೋಡಿ ನಳಿಗೆಗಳ ಕಾಲದಲ್ಲೇ ಉಳಿದಿದೆ. ಲೇಖನದ ಕಾನೂನುಗಳೆಲ್ಲ ಹೊರದೇಶದವು: ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಬೇಟೆಗೆ ತಾನೇ ತುಂಬಿಕೊಳ್ಳುವ ರೈಫಲ್ ಬಳಸುವಂತಿಲ್ಲ, ಜರ್ಮನಿಯಲ್ಲಿ ಬೇಟೆಗೆ ಅಂಥ ರೈಫಲಿನಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ತುಂಬುವಂತಿಲ್ಲ. ಮೊದಲ ಪುಟದಲ್ಲೇ ಒಂದು ಟಿಪ್ಪಣಿ ಹಾಕುತ್ತೇನೆ.

ಈಗ ಕೇಳಬೇಕಾದ್ದು ಎರಡು. ಕೊಡಗು, ಸಕಲೇಶಪುರ, ತೀರ್ಥಹಳ್ಳಿ ಕಡೆಯವರು ಹೇಳಿ: ನಿಮ್ಮ ಮನೆಗಳಲ್ಲಿ ಹೆಗಲಿಗೆ ತಾಗುವುದಕ್ಕೆ ಒದೆತ, ಪೆಟ್ಟು ಅಲ್ಲದೆ ಬೇರೆ ಮಾತಿದೆಯೇ? ಮತ್ತೆ, ತೋಟಾಗಳು ಒಂದರ ಮೇಲೊಂದು ಕೂರುವ ಮ್ಯಾಗಜಿನ್‌ಗೆ ‘ತೋಟಾ ಗೂಡು’ ಎಂದರೆ ಕಿವಿಗೆ ಹಿಡಿಸುತ್ತದೆಯೇ, ಅಥವಾ ಪೊಲೀಸರ ಬಾಯಲ್ಲಿರುವ ಮ್ಯಾಗಜಿನ್ ಅನ್ನೇ ಇಟ್ಟುಕೊಳ್ಳಲೇ?