ಇಂಟರ್‌ವ್ಯೂನಲ್ಲಿ ‘ಯಾವ ಪುಸ್ತಕ ಓದಿದಿರಿ’ ಅಂತ ಕೇಳೋದು ಸರಿನಾ?

ಹಾಸನದ ಕೋಡರ್:
ಬೆಂಗಳೂರಲ್ಲಿ ನಮ್ಮದು ಚಿಕ್ಕ ಟೀಮ್. ಬ್ಯಾಕೆಂಡ್‌ಗೆ ಇಬ್ಬರು ಬೇಕು. ನಮ್ಮ ಲೀಡ್ ಬಂದವರನ್ನೆಲ್ಲ ‘ಈ ವರ್ಷ ಯಾವ ಟೆಕ್ ಪುಸ್ತಕ ಓದಿದಿರಿ’ ಅಂತ ಕೇಳುತ್ತಾರೆ, ತಡವರಿಸಿದರೆ ಕಥೆ ಅಲ್ಲಿಗೇ ಮುಗಿಯಿತು. ಮೊನ್ನೆ ಒಬ್ಬ ಹುಡುಗಿ ಕೋಡಿಂಗ್ ರೌಂಡ್ ಚೆನ್ನಾಗೇ ಮಾಡಿದ್ದಳು. ‘ಪುಸ್ತಕ ಇಲ್ಲ ಸರ್, ಡಾಕ್ಸ್ ಓದ್ತೀನಿ’ ಅಂದಳು, ಅಂದರೆ ಸಾಫ್ಟ್‌ವೇರ್ ಜೊತೆ ಬರೋ ಕೈಪಿಡಿ. ರಿಜೆಕ್ಟ್! ನನಗೆ ಯಾಕೋ ಸರಿ ಅನಿಸಲಿಲ್ಲ. ನೀವೇನಂತೀರಿ?

ರಾತ್ರಿ ಪಾಳಿ:
ಎರಡು ಪುಸ್ತಕದ ಹೆಸರು ಬಾಯಿಪಾಠ ಮಾಡಿಕೊಂಡು ಬರೋದು ಎಷ್ಟು ಹೊತ್ತಿನ ಕೆಲಸ? ನಮ್ಮಲ್ಲಿ ಒಬ್ಬ, ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಇನ್ನೂ ತಡವಾಗುತ್ತೆ ಅಂತ ಫ್ರೆಡ್ ಬ್ರೂಕ್ಸ್ ಅನ್ನೋ ಕಂಪ್ಯೂಟರ್ ವಿಜ್ಞಾನಿ 1975ರಲ್ಲೇ ಪುಸ್ತಕದಲ್ಲಿ ಬರೆದಿದ್ದನ್ನ ಹತ್ತು ನಿಮಿಷ ವಿವರಿಸಿದ. ಎಲ್ಲರೂ ಫಿದಾ. ಕೆಲಸಕ್ಕೆ ಸೇರಿದ ಮೇಲೆ ಎರರ್ ಮೆಸೇಜಿನ ಎರಡನೇ ಸಾಲು ಕೂಡ ಓದುತ್ತಿರಲಿಲ್ಲ. ಸ್ಕ್ರೀನ್‌ಶಾಟ್ ಕಳಿಸಿ ‘ವರ್ಕ್ ಆಗ್ತಿಲ್ಲ ಗುರು’ ಅನ್ನೋನು.

ತುಮಕೂರಿನವಳು:
ಡಾಕ್ಸ್ ಓದೋದು ಓದೇ ಅಲ್ವಾ? ನಮ್ಮ ಆ್ಯಪ್‌ನಲ್ಲಿ ಕನ್ನಡದ ಹೆಸರು, ವಿಳಾಸ ಎಲ್ಲಾ ಸರಿಯಾಗಿ ಸೇವ್ ಆಗುತ್ತಿತ್ತು, ಯಾರಾದರೂ ಒಂದು ಇಮೋಜಿ ಹಾಕಿದರೆ ಮಾತ್ರ ‘ಇನ್‌ಕರೆಕ್ಟ್ ಸ್ಟ್ರಿಂಗ್ ವ್ಯಾಲ್ಯೂ’. ಎರಡು ದಿನ ಸುಮ್ನೆ ಫ್ರಂಟೆಂಡ್, ಅಂದರೆ ಸ್ಕ್ರೀನ್ ಕಡೆಯ ಕೋಡ್, ಕೆದಕಿದೆವು. ಕೊನೆಗೆ ಒಬ್ಬ ಫ್ರೆಶರ್ ನಮ್ಮ ಡೇಟಾಬೇಸ್ ಮೈಎಸ್‌ಕ್ಯೂಎಲ್‌ನ ಮ್ಯಾನ್ಯುವಲ್ ತೆರೆದು ಕೂತ. ಅಕ್ಷರಗಳನ್ನ ಸೇವ್ ಮಾಡೋಕೆ ಅದರಲ್ಲಿರೋ ಹಳೆಯ ‘ಯುಟಿಎಫ್8’ ಸೆಟ್ಟಿಂಗ್‌ನಲ್ಲಿ ಒಂದು ಕೋಡ್‌ಪಾಯಿಂಟಿಗೆ (ಅಕ್ಷರ ಅಥವಾ ಚಿಹ್ನೆಗೆ ಕೊಟ್ಟ ಸಂಖ್ಯೆಗೆ) 3 ಬೈಟ್ ಮಾತ್ರ ಜಾಗ. ಕನ್ನಡದ ‘ಕ’ಗೆ 3 ಸಾಕು, ಆ ಇಮೋಜಿಗೆ 4 ಬೇಕು. ಟೇಬಲ್, ಕನೆಕ್ಷನ್ ಎರಡನ್ನೂ 4 ಬೈಟ್ ಹಿಡಿಸೋ ‘ಯುಟಿಎಫ್8ಎಂಬಿ4’ ಮಾಡಿದ, ಸರಿಹೋಯಿತು. ಪುಣ್ಯಕ್ಕೆ ಅವನ ಇಂಟರ್‌ವ್ಯೂನಲ್ಲಿ ಪುಸ್ತಕದ ಪ್ರಶ್ನೆ ಇರಲಿಲ್ಲ.

ಹಳೇ ಹುಲಿ:
ನಾನು ಸ್ವಲ್ಪ ಲೀಡ್ ಪಕ್ಷ. ಇಡೀ ಪುಸ್ತಕ ಕೂತು ಓದೋ ತಾಳ್ಮೆ ಇದ್ದವರು ಬೇರೆಯವರ ಕೋಡನ್ನೂ ತಾಳ್ಮೆಯಿಂದ ಓದುತ್ತಾರೆ, ನಾನು ಕಂಡಂತೆ. ಆದರೆ ಅದೊಂದರ ಮೇಲೆ ರಿಜೆಕ್ಟ್ ಮಾಡೋದು ಅತಿಯಾಯಿತು. ಮನೆಯಲ್ಲಿ ಚಿಕ್ಕ ಮಗು ಇರೋರಿಗೆ ಯಾವಾಗ ಪುರುಸೊತ್ತು? ಓದು ನೋಡಬೇಕು ಅಂದರೆ ಎದುರಿಗೇ ಓದಿಸಿ. ಎರಡು ಪುಟ ಲಾಗ್ (ಪ್ರೋಗ್ರಾಂ ಓಡುವಾಗ ಬರೆದಿಡೋ ದಾಖಲೆ) ಕೊಟ್ಟು ಹದಿನೈದು ನಿಮಿಷ ಬಿಟ್ಟು, ಏನಾಗಿದೆ ಅಂತ ಕೇಳಿ. ಗೂಗಲ್ ಮಾಡಲಿ ಬಿಡಿ.

ಹಾಸನದ ಕೋಡರ್:
ಲೀಡ್‌ಗೆ ಇದನ್ನು ತೋರಿಸಿದೆ. ‘ಲಾಗ್ ಯಾಕೆ, ನಮ್ಮ ಪ್ರಾಜೆಕ್ಟಿನ ಸೆಟಪ್ ಸೂಚನೆ ಇರೋ ರೀಡ್‌ಮಿ ಕೊಡೋಣ, ಓದಿ ಸೆಟಪ್ ಮಾಡಲಿ’ ಅಂದರು. ಆ ಹುಡುಗಿಯನ್ನೂ ಮತ್ತೆ ಕರೆಯೋಣ ಅಂತ ಒಪ್ಪಿದರು. ಆಮೇಲೆ ನಾನೇ ಆ ರೀಡ್‌ಮಿ ಹಿಡಿದು ಕೂತೆ. ಮೂರನೇ ಸ್ಟೆಪ್‌ನಲ್ಲಿರೋ ಫೈಲನ್ನ ನಾವು ಯಾವತ್ತೋ ತೆಗೆದುಹಾಕಿದ್ದೇವೆ.