ಚಾವಡಿಗೆ ಪೀಚಾ, ಚಂದನದ ಬಣ್ಣವಾ?

ಪ್ರಶ್ನೆ: ನಮಸ್ಕಾರ ಅಣ್ಣ. ನಮ್ಮದು ಬದಿಯಡ್ಕದ ಹತ್ತಿರ ಹಳೇ ಹಂಚಿನ ಮನೆ. ಚಾವಡಿಗೆ ಪೇಂಟ್ ಮಾಡಿಸಬೇಕು. ಕೆಂಪು ಕಾವಿ ನೆಲ, ಎರಡೇ ಕಿಟಕಿ, ಹೊರಗೆ ಅಡಿಕೆ ತೋಟ. ಮಗಳಿಗೆ ಪೀಚ್ ಬೇಕು, ಅತ್ತೆಗೆ ಚಂದನದ ಬಣ್ಣ. ಶೇಡ್ ಕಾರ್ಡಿನಲ್ಲಿ ಎರಡೂ ಚಂದ ಕಾಣ್ತವೆ. ಯಾವುದು ಹೊಂದೀತು?

ಉತ್ತರ: ಅಕ್ಕ, ಚಾವಡಿಗೆ ಚಂದನದ ಬಣ್ಣವೇ ಸರಿ. ಕಾರಣ ನಿಮ್ಮ ನೆಲ. ಬಿಸಿಲಿರುವಾಗ ಒಂದು ಬಿಳಿ ಹಾಳೆಯನ್ನು ನೆಲದಿಂದ ಒಂದಡಿ ಮೇಲೆ ಗೋಡೆಗೆ ಹಿಡಿದು ನೋಡಿ. ಹಾಳೆಯೇ ನಸುಗೆಂಪಾಗಿ ಕಾಣುತ್ತದೆ. ಪೀಚ್‌ನಲ್ಲಿ ಮೊದಲೇ ಕೆಂಪು ಇದೆ. ಕಾವಿಯ ಕೆಂಪೂ ಸೇರಿದರೆ ಗೋಡೆಯ ಕೆಳಭಾಗ ಗುಲಾಬಿಗೆ ತಿರುಗುತ್ತದೆ, ಮೇಲ್ಭಾಗ ಬೇರೆಯೇ ಬಣ್ಣ ಅನಿಸುತ್ತದೆ.

ಆದರೆ ಚಂದನದಲ್ಲೂ ನಿಂಬೆ ಹಳದಿಗೆ ವಾಲಿದ ಶೇಡ್ ಬೇಡ. ತೋಟದ ಎಲೆಗಳಿಗೆ ತಾಗಿ ಬರುವ ಬೆಳಕಿನಲ್ಲಿ ಹಸಿರು ಇರುತ್ತದೆ. ಆಟಿ ತಿಂಗಳ ಮಳೆಗಾಲದ ಮೋಡದಲ್ಲಿ ಆ ಹಳದಿ ಹಸಿರಾಗಿಯೇ ಕಾಣುತ್ತದೆ. ಆಗಷ್ಟೇ ಕಾಯಿಸಿದ ತುಪ್ಪದ ಬಣ್ಣ ಇರುತ್ತದಲ್ವಾ, ಅಂಥದ್ದು ಹುಡುಕಿ. ಇಷ್ಟವಾದದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾದ ಬಣ್ಣವನ್ನೇ ತಗೊಳ್ಳಿ. ನಾಲ್ಕೂ ಗೋಡೆಗೆ ಹಚ್ಚಿದ ಮೇಲೆ ಬಣ್ಣ ಕಾರ್ಡಿಗಿಂತ ಗಾಢವಾಗಿ ಕಾಣುತ್ತದೆ. ಕಂಪನಿಯ ಪುಸ್ತಕದಲ್ಲಿ ಎಲ್‌ಆರ್‌ವಿ ಅಂತ ಸಂಖ್ಯೆ ಇದ್ದರೆ ನೋಡಿ, ಬಣ್ಣ ಎಷ್ಟು ಬೆಳಕನ್ನು ಹಿಂದಕ್ಕೆ ಚೆಲ್ಲುತ್ತದೆ ಅನ್ನುವುದರ ಅಳತೆ ಅದು. 0 ಅಂದರೆ ಕಪ್ಪು, 100 ಅಂದರೆ ಬಿಳಿ. ಬೆಳಕು ಕಡಿಮೆ ಇರುವ ನಿಮ್ಮ ಚಾವಡಿಗೆ 70ರ ಆಸುಪಾಸಿನದು ಒಳ್ಳೆಯದು.

ಸುಮ್ನೆ ನನ್ನ ಮಾತು ನಂಬಿ ದೊಡ್ಡ ಡಬ್ಬ ತರಬೇಡಿ. ಸಣ್ಣ ಡಬ್ಬ ತಂದು ಎರಡಡಿ ಚೌಕಕ್ಕೆ ಎರಡು ಕೋಟ್ ಹಚ್ಚಿ. ಕಿಟಕಿಯ ಪಕ್ಕ ಒಂದು, ಕತ್ತಲೆ ಮೂಲೆಯಲ್ಲಿ ಒಂದು. ಹಳೇ ಬಣ್ಣದ ಮೇಲೆ ನೇರ ಹಚ್ಚಿದರೆ ಕಣ್ಣಿಗೆ ಮೋಸ, ಕೆಳಗೆ ಬಿಳಿ ಪ್ರೈಮರ್ ಬೇಕು. ಪೂರ್ತಿ ಒಣಗಿದ ಮೇಲೆ ಬೆಳಿಗ್ಗೆ, ಸಂಜೆ, ದೀಪ ಹಾಕಿ, ಮೂರು ಹೊತ್ತೂ ನೋಡಿ.

ಪ್ರಶ್ನೆ: ಈಗ ಇರುವುದು ಬಿಳಿ ಟ್ಯೂಬ್‌ಲೈಟ್. ಮತ್ತೆ, ಮಗಳಿಗೆ ಪೀಚ್ ಇಲ್ಲವೇ ಇಲ್ವಾ ಅಣ್ಣ?

ಉತ್ತರ: 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಬಿಳಿ ಬೆಳಕಿನಲ್ಲಿ ಎರಡೂ ಬಣ್ಣ ಪೇಲವ. 3000 ಕೆಲ್ವಿನ್ ಅಂತ ಬರೆದ, ಹಳದಿ ಛಾಯೆಯ ಎಲ್‌ಇಡಿ ಹಾಕಿ. ಮಗಳ ಕೋಣೆಗೆ ಬಿಳಿ ಟೈಲ್ಸ್ ಇದ್ದರೆ ಧೈರ್ಯವಾಗಿ ಪೀಚ್ ಹಚ್ಚಿಸಿ, ಅಲ್ಲಿ ಅದು ತನ್ನ ಬಣ್ಣದಲ್ಲೇ ಉಳಿಯುತ್ತದೆ. ಏನೇ ಆದರೂ ಮಳೆ ನಿಂತು ಗೋಡೆಯ ಪಸೆ ಆರಿದ ಮೇಲೆಯೇ ಕೆಲಸ ಶುರು ಮಾಡಿಸಿ, ಇಲ್ಲದಿದ್ದರೆ ಪೇಂಟ್ ಗುಳ್ಳೆ ಎದ್ದು ಕಿತ್ತು ಬರುತ್ತದೆ.